ಟುಲೂಸಿನ ಬಾಯಿಗೂ ತುರುವೇಕೆರೆಯ ಬಾಯಿಗೂ



ಇವತ್ತು ರಾಜಕೀಯಕ್ಕೆ ರಜೆ. ಯಾರು ದೆಹಲಿಗೆ ಹೋದರು, ಯಾರು ಮುನಿಸಿಕೊಂಡರು, ಅದನ್ನ ನಾಳೆ ನೋಡೋಣ. ನಾಳೆಯೂ ಅವರು ಮುನಿಸಿಕೊಂಡೇ ಇರ್ತಾರೆ. ಇವತ್ತಿನ ಮಾತು ತೊಟ್ಟಿಲಿನದು. ತೊಟ್ಟಿಲಲ್ಲಿ ಮಲಗಿರೋ ಮಗುವಿಗೆ ಏನಂತ ಹೆಸರಿಡಬೇಕು ಅನ್ನೋದು.

ಇದೂ ಒಂದು ನ್ಯೂಸಾ ಅಂತ ಕೇಳಬಹುದು. ನ್ಯೂಸೇ ಸ್ವಾಮಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಹುಣಸೂರಿನ ಕೋರ್ಟಿನಲ್ಲಿ ಏನಾಯ್ತು, ನೆನಪಿದೆಯಾ? ಮಗನ ಹೆಸರಿನ ವಿಚಾರಕ್ಕೆ ಗಂಡ ಹೆಂಡತಿ ಜಗಳವಾಡಿ, ದೂರವಾಗಿ, ವಿಷಯ ಕೋರ್ಟಿನ ಮೆಟ್ಟಿಲು ಹತ್ತಿ, ಕೊನೆಗೆ ಕೋರ್ಟಿನಲ್ಲೇ ಮಗುವಿಗೆ ನಾಮಕರಣ ಆಯ್ತು. ಗಂಡ ಹೆಂಡತಿ ಹಾರ ಬದಲಾಯಿಸಿಕೊಂಡು ಮನೆಗೆ ಹೋದರು. ಒಂದು ಹೆಸರಿಗೆ ಸಂಸಾರ ಒಡೆಯೋ ಶಕ್ತಿ ಇದೆ ಅಂದಮೇಲೆ, ಅದರ ಬಗ್ಗೆ ಹದಿನೈದು ನಿಮಿಷ ಮಾತಾಡೋದು ತಪ್ಪಲ್ಲ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ಒಬ್ಬ ವೀಕ್ಷಕಿ ಕಳಿಸಿದ ವಾಟ್ಸಾಪ್. ಅವರು ವೈಟ್‌ಫೀಲ್ಡ್‌ನಲ್ಲಿದ್ದಾರೆ. ಊರು ತುರುವೇಕೆರೆ ಹತ್ತಿರ. ಗಂಡ ಕೆಲಸ ಮಾಡೋದು ಫ್ರೆಂಚ್ ಕಂಪನಿಯಲ್ಲಿ, ಹೆಂಡತಿ ಅಮೆರಿಕನ್ ಕಂಪನಿಯಲ್ಲಿ. ಮುಂದಿನ ವರ್ಷ ಫ್ರಾನ್ಸಿನ ಟುಲೂಸ್‌ಗೆ ಹೋಗೋ ಅಂದಾಜಿದೆ, ಅಲ್ಲಿಂದ ಕೆನಡಾ ಆದರೂ ಆಗಬಹುದು. ಹೆಣ್ಣುಮಗು ಹುಟ್ಟಿ ಎಂಟು ವಾರ ಆಗಿದೆ. "ಸರ್, ಫ್ರೆಂಚರ ನಾಲಿಗೆಗೂ ಇಂಗ್ಲಿಷಿನವರ ನಾಲಿಗೆಗೂ ಹೊಂದೋ ಒಂದು ಹೆಸರು ಹುಡುಕ್ತಾ ಇದ್ದೀವಿ. ಮುನ್ನೂರು ಹೆಸರಿನ ಎಕ್ಸೆಲ್ ಶೀಟ್ ಮಾಡಿದ್ದೀವಿ. ಒಂದೂ ಪಾಸ್ ಆಗ್ತಿಲ್ಲ. ಅತ್ತೆಯವರು ದಿನಾ ಫೋನ್ ಮಾಡಿ, ಇನ್ನೂ ಎಷ್ಟು ದಿನ ಪಾಪು ಪಾಪು ಅನ್ನೋದು ಅಂತ ಕೇಳ್ತಾರೆ" ಅಂತ ಬರೆದಿದ್ದಾರೆ.

ಮೊದಲು ನನಗೂ ನಗು ಬಂತು. ಆಮೇಲೆ ಯೋಚನೆ ಮಾಡಿದರೆ, ಇದು ಒಬ್ಬರ ಮನೆ ಕಥೆ ಅಲ್ಲ. ಐಟಿಪಿಎಲ್‌ನ ಬಿಲ್ಡಿಂಗುಗಳಲ್ಲಿ ಫ್ರೆಂಚ್ ಬ್ಯಾಂಕ್ ಸೊಸಿಯೆತೆ ಜೆನೆರಾಲ್ ಕೆಲಸ ಮಾಡ್ತಿದೆ. ಅಲ್ಲೇ ಸುತ್ತಮುತ್ತ ಕ್ಯಾಪ್‌ಜೆಮಿನಿ ಇದೆ. ವಿಮಾನ ಮಾಡೋ ಏರ್‌ಬಸ್‌ನ ಇಂಜಿನಿಯರಿಂಗ್ ಕೇಂದ್ರ ಬೆಂಗಳೂರಿನಲ್ಲಿದೆ, ಅದರ ತವರು ಟುಲೂಸ್. ಬೆಳಿಗ್ಗೆ ಜರ್ಮನಿ ಕಾಲ್, ಮಧ್ಯಾಹ್ನ ಪ್ಯಾರಿಸ್ ಕಾಲ್, ರಾತ್ರಿ ಅಮೆರಿಕ ಕಾಲ್. ದಿನಕ್ಕೆ ಹತ್ತು ಸಲ ತನ್ನ ಹೆಸರು ಅಡ್ಡಾದಿಡ್ಡಿಯಾಗೋದನ್ನ ಕೇಳಿಸಿಕೊಳ್ಳೋ ಅಪ್ಪ ಅಮ್ಮನಿಗೆ, ಮಗುವಿಗೆ ಈ ಕಷ್ಟ ಬೇಡ ಅನ್ನಿಸಿದರೆ ಅದು ಶೋಕಿ ಅಲ್ಲ. ಮಮತೆ.

ಆದರೆ ಪಾಪ, ಅವರ ಪರೀಕ್ಷೆ ಎಷ್ಟು ಕಷ್ಟದ್ದು ನೋಡಿ. ಮೊದಲು ಜನ್ಮ ನಕ್ಷತ್ರದ ಅಕ್ಷರ. ಅಶ್ವಿನಿ ಆದರೆ ಚು, ಚೆ, ಚೊ, ಲ. ಹಸ್ತ ನಕ್ಷತ್ರ ಆದರಂತೂ ಪು, ಷ, ಣ, ಠ. ಣಕಾರದಲ್ಲಿ ಶುರುವಾಗೋ ಒಂದು ಹೆಸರು ಹೇಳಿ ನೋಡೋಣ! ಅದು ದಾಟಿದ ಮೇಲೆ ಸಂಖ್ಯಾಶಾಸ್ತ್ರದವರು. ಇಲ್ಲೊಂದು ಎ ಜಾಸ್ತಿ, ಅಲ್ಲೊಂದು ಕೆ ಜಾಸ್ತಿ. ನನಗೆ ಇದುವರೆಗೂ ಅರ್ಥವಾಗದ ಸಂಗತಿ ಇದು: ಸಾವಿರಾರು ವರ್ಷದ ಶಾಸ್ತ್ರ ಅಂತಾರೆ, ಲೆಕ್ಕ ಹಾಕೋದು ಇಂಗ್ಲಿಷ್ ಸ್ಪೆಲಿಂಗ್ ಮೇಲೆ. ಋಷಿಗಳು ಎಬಿಸಿಡಿ ಕಲಿತಿದ್ದರಾ? ಇರಲಿ. ಅದಾದಮೇಲೆ ಅಪಾರ್ಟ್‌ಮೆಂಟಿನಲ್ಲಿ ಯಾರೂ ಇಟ್ಟಿರಬಾರದು. ಅದಾದಮೇಲೆ ಈಗ ಹೊಸದಾಗಿ ಫ್ರೆಂಚರು, ಇಂಗ್ಲಿಷಿನವರು.

ಫ್ರೆಂಚಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಮಜವಾಗಿದೆ.

ಫ್ರೆಂಚರು ಎಚ್ ಅಕ್ಷರ ಬರೀತಾರೆ, ಉಚ್ಚರಿಸಲ್ಲ. ನಮ್ಮ ಹರ್ಷ ಅಲ್ಲಿ ಅರ್ಶ. ಹೇಮಾ ಹೋಗಿ ಎಮಾ ಆಗ್ತಾಳೆ. ಅಯ್ಯೋ ಅಂತ ಗಾಬರಿ ಆಗಬೇಡಿ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹಾಲು ಆಲು, ಹಸು ಅಸು, ಹಾಸನ ಆಸನ. ಆ ಲೆಕ್ಕದಲ್ಲಿ ಮಂಡ್ಯದ ಅಜ್ಜಿಗೂ ಪ್ಯಾರಿಸ್ಸಿನ ಮೇಡಂಗೂ ವ್ಯಾಕರಣ ಒಂದೇ. ಹೇಮಾ ಅನ್ನೋ ಹೆಸರನ್ನ ಇಬ್ಬರೂ ಒಂದೇ ಥರ ಕರೀತಾರೆ.

ಸಿಎಚ್ ಬಂದರೆ ಅವರು ಶ ಅಂತಾರೆ. ಚಂದನ್ ಶಂದನ್ ಆಗ್ತಾನೆ. ಚರಣ್ ಶರಣ್ ಆಗ್ತಾನೆ! ನಮ್ಮ ಹುಡುಗ ಸಾಫ್ಟ್‌ವೇರ್ ಬರೆಯೋಕೆ ಹೋಗಿ ಶರಣನಾಗಿಬಿಟ್ಟ. ಕಲ್ಯಾಣಕ್ಕೆ ಹೋಗದೆ ಪ್ಯಾರಿಸ್ಸಿನಲ್ಲೇ ದೀಕ್ಷೆ ಆಯ್ತು. ಇನ್ನು ಅವರ ಉಕಾರ ಬೇರೆಯೇ. ಸೀಟಿ ಹೊಡೆಯೋಕೆ ತುಟಿ ಮುಂದೆ ಮಾಡಿಕೊಂಡು ಇ ಅಂದರೆ ಏನು ಸದ್ದು ಬರುತ್ತೋ ಅದು. ಹಾಗಾಗಿ ಗುರು ಅನ್ನೋ ಸೀದಾ ಹೆಸರೂ ಅವರ ಬಾಯಲ್ಲಿ ಒಂದು ಸುತ್ತು ಹಾಕಿ ಬರುತ್ತೆ.

ಒಂದು ಕಡೆ ಮಾತ್ರ ಫ್ರೆಂಚರು ನಮಗೆ ಇಂಗ್ಲಿಷಿನವರಿಗಿಂತ ಹತ್ತಿರ. ನಾವು ದಕ್ಷಿಣದವರು ತ ಬರೆಯೋಕೆ ಟಿ ಜೊತೆ ಎಚ್ ಹಾಕ್ತೀವಿ. ಲತಾ, ಕವಿತಾ, ಗೀತಾ, ಎಲ್ಲದರಲ್ಲೂ ಎಚ್. ಉತ್ತರದವರು ಅದನ್ನ ಓದಿ ಲಥಾ ಅಂತಾರೆ, ನಗ್ತಾರೆ. ಇಂಗ್ಲಿಷಿನವರು ನಾಲಿಗೆ ಹಲ್ಲಿನ ಮಧ್ಯೆ ಇಟ್ಟು ಇನ್ನೇನೋ ಅಂತಾರೆ. ಫ್ರೆಂಚರು ಎಚ್ ಕಡೆ ನೋಡೋದೇ ಇಲ್ಲ. ಸೀದಾ ಲತಾ. ಅವರ ತ ಕೂಡ ನಮ್ಮ ತ ಥರ ಹಲ್ಲಿಗೆ ತಾಗೋ ತ.

ಎರಡೂ ಕಡೆ ಪಾಸಾಗೋ ಹೆಸರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತೇನಿಲ್ಲ. ತಾರಾ ಇದೆ. ಮಾಯಾ ಇದೆ. ಮೀರಾ, ನೀನಾ, ಲೀಲಾ, ಅನಿತಾ. ಇವೆಲ್ಲ ನಮ್ಮ ಅಜ್ಜಿಯರ ಕಾಲದಿಂದ ಇರೋ ಹೆಸರು. ಯಾರಿಗೂ ಅನುಕೂಲ ಮಾಡಿಕೊಡೋಕೆ ಹುಟ್ಟಿದ್ದಲ್ಲ. ಗಂಡುಮಕ್ಕಳಲ್ಲಿ ರೋಹನ್ ಇದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ರೋಹನ್ ಅಂತ ಒಂದು ದೊಡ್ಡ ಜಮೀನ್ದಾರಿ ಮನೆತನವೇ ಇತ್ತು, ಉಚ್ಚಾರ ಸ್ವಲ್ಪ ಬೇರೆ. ಮನು ಇದೆ. ಫ್ರಾನ್ಸಿನಲ್ಲಿ ಇಮ್ಯಾನುಯೆಲ್ ಅನ್ನೋರನ್ನ ಮನೆಯಲ್ಲಿ ಪ್ರೀತಿಯಿಂದ ಕರೆಯೋದೇ ಮನು ಅಂತ. 2018ರ ಜೂನ್‌ನಲ್ಲಿ ಒಬ್ಬ ಹುಡುಗ ಅವರ ಅಧ್ಯಕ್ಷ ಮ್ಯಾಕ್ರಾನ್ ಅವರನ್ನೇ ಏನು ಮನು ಹೇಗಿದ್ದೀಯ ಅಂತ ಕೇಳಿಬಿಟ್ಟ. ಅಧ್ಯಕ್ಷರು ಅಲ್ಲೇ ನಿಂತು, ನನ್ನನ್ನ ಅಧ್ಯಕ್ಷರೇ ಅನ್ನಬೇಕು, ಇಲ್ಲ ಸರ್ ಅನ್ನಬೇಕು ಅಂತ ಕ್ಯಾಮೆರಾ ಮುಂದೆಯೇ ಪಾಠ ಮಾಡಿದರು. ಮಂಡ್ಯದಲ್ಲಾಗಿದ್ದರೆ ಏನ್ಲಾ ಮನು ಅಂದರೆ ಮನು ಖುಷಿಯಾಗಿ ಟೀ ಕುಡಿಸ್ತಿದ್ದ.

ಈಗ ತಿರುಗಿಸಿ ನೋಡಿ. ಹೊರಗಿನವರ ಬಾಯಿಗೆ ಹೊಂದುತ್ತೆ ಅಂತ ಇಡೋ ಹೆಸರು ನಮ್ಮ ಬಾಯಲ್ಲಿ ಏನಾಗುತ್ತೆ? ಇದನ್ನ ಆ ಎಕ್ಸೆಲ್ ಶೀಟಿನಲ್ಲಿ ಯಾರೂ ಕಾಲಂ ಮಾಡಿರಲ್ಲ. ಬೆಲ್ಲಾ ಅಂತ ಇಡಿ. ಇಟಲಿಯಲ್ಲಿ ಸುಂದರಿ, ತುರುವೇಕೆರೆಯಲ್ಲಿ ಅಚ್ಚು ಬೆಲ್ಲ. ಇದಾದರೂ ಪರವಾಗಿಲ್ಲ, ಸಿಹಿ. ನೋವಾ ಅಂತ ಇಡಿ, ಬೈಬಲ್ಲಿನ ದೊಡ್ಡ ಹೆಸರು. ಮಗು ಅತ್ತಾಗ ಅಜ್ಜಿ ಎಲ್ಲಿ ನೋವಾ ಅಂತ ಕೇಳಿದರೆ ಯಾವುದು ಹೆಸರು ಯಾವುದು ಪ್ರಶ್ನೆ? ಮರೀ ಅನ್ನೋದು ಫ್ರಾನ್ಸಿನ ಮನೆಮನೆಯ ಹೆಸರು. ನಮ್ಮಲ್ಲಿ ಮುದ್ದು ಮಾಡಿದರೆ ಮರಿ, ಸ್ವಲ್ಪ ಎಳೆದರೆ ಮಾರಿ. ಅಣ್ಣ ಅಂತೂ ಕೇಳಲೇಬೇಡಿ. ಅವರಲ್ಲಿ ಆನ್ನಾ ಹುಡುಗಿ, ನಮ್ಮಲ್ಲಿ ಹೆಣ್ಣುಮಗುವನ್ನ ಅಣ್ಣಾ ಅಂತ ಕರೀಬೇಕು.

ಇನ್ನು ಈಚಿನ ಒಂದು ಸಾಲಿದೆಯಲ್ಲ. ಕಿಯಾನ್, ರಿಯಾನ್, ಕಿಯಾರಾ, ಶನಾಯಾ. ಕೇಳೋಕೆ ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಏನಪ್ಪ ಇದರ ಅರ್ಥ ಅಂದರೆ, ಸರ್, ಗೂಗಲ್‌ನಲ್ಲಿ ದೇವರ ಕೃಪೆ ಅಂತ ಬರುತ್ತೆ ಅಂತಾರೆ. ಅಲ್ಲಿ ಎಲ್ಲದಕ್ಕೂ ದೇವರ ಕೃಪೆ ಅಂತಲೇ ಬರುತ್ತೆ. ಅರ್ಥ ಇಲ್ಲದ ಹೆಸರು ಇಡಬಾರದು ಅಂತ ನಾನು ಹೇಳ್ತಿಲ್ಲ. ನಮ್ಮ ಹಿರಿಯರು ಗುಂಡಪ್ಪ, ಪುಟ್ಟಯ್ಯ, ತಿಪ್ಪಮ್ಮ ಅಂತ ಇಟ್ಟರು, ಮಗು ಉಳಿಯಲಿ ಅನ್ನೋ ಹರಕೆಗೆ ತಿಪ್ಪೆಯ ಹೆಸರನ್ನೂ ಇಟ್ಟರು. ಅಲ್ಲಿ ಒಂದು ಕಥೆ ಇತ್ತು. ದೊಡ್ಡವಳಾದಮೇಲೆ ಮಗಳು ನನಗೆ ಈ ಹೆಸರು ಯಾಕಿಟ್ಟೆ ಅಂತ ಕೇಳಿದಾಗ, ಫ್ರೆಂಚರಿಗೆ ಸುಲಭ ಆಗಲಿ ಅಂತ ಕಣೇ ಅನ್ನೋದು ಒಂದು ಕಥೆಯಾ?

ಅಲ್ಲ, ಒಂದು ಪ್ರಶ್ನೆ. ನಾಲಿಗೆ ಹೊರಳಿಸೋ ಕಷ್ಟ ಯಾವಾಗಲೂ ನಮ್ಮದೇ ಯಾಕೆ? ವೈಟ್‌ಫೀಲ್ಡ್‌ನವರು ಭಾನುವಾರ ಡೆಕಥ್ಲಾನ್‌ಗೆ ಹೋಗ್ತಾರೆ. ಫ್ರೆಂಚ್ ಕಂಪನಿ. ನಾವು ಅದರ ಹೆಸರನ್ನ ಅವರು ಅನ್ನೋ ಥರ ಅನ್ನಲ್ಲ. ರೆನೋ ಕಾರಿಗೆ ರೆನಾಲ್ಟ್ ಅಂದ್ವಿ. ಅವರೇನು ಕನ್ನಡಿಗರಿಗೆ ಕಷ್ಟ ಆಗುತ್ತೆ ಅಂತ ಕಂಪನಿ ಹೆಸರು ಬದಲಾಯಿಸಿದರಾ? ಕಾರು ಮಾರಿಕೊಂಡು ಹೋದರು. ಅಷ್ಟೇ ಯಾಕೆ, ಆ ವೈಟ್‌ಫೀಲ್ಡ್ ಅನ್ನೋ ಊರೇ ನೋಡಿ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರ್ ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಜಮೀನು ಕೊಟ್ಟರು, ಆ ಸಂಘದ ಡೇವಿಡ್ ವೈಟ್ ಅನ್ನೋರ ಹೆಸರು ಊರಿಗೆ ಬಂತು. ಸುತ್ತ ಕಾಡುಗೋಡಿ, ನಲ್ಲೂರಹಳ್ಳಿ, ಹಗದೂರು. ಆ ಹಳ್ಳಿಗಳ ಜನ ನೂರು ವರ್ಷದ ಮೇಲಾಯ್ತು, ವೈಟ್‌ಪೀಲ್ಡು ಅಂತ ಉಕಾರ ಸೇರಿಸಿ ಅಂದುಕೊಂಡು ಬದುಕಿದ್ದಾರೆ. ಹೆಸರು ಅವರದು, ಬಾಯಿ ನಮ್ಮದು. ಇಬ್ಬರಿಗೂ ನಷ್ಟ ಆಗಲಿಲ್ಲ.

ಕಲಿಸಿದರೆ ಜನ ಕಲೀತಾರೆ. ಅಮೆರಿಕದಲ್ಲಿ ಕಮಲಾ ಹ್ಯಾರಿಸ್ ಇದ್ದಾರಲ್ಲ. ಅವರ ತಾಯಿ ಚೆನ್ನೈ ಕಡೆಯವರು. ಕಮಲಾ ಅನ್ನೋಕೆ ಅಲ್ಲಿನವರಿಗೆ ಆಗದೆ ಕಮಾಲಾ, ಕಾಮೆಲಾ, ಏನೇನೋ. 2020ರಲ್ಲಿ ಒಬ್ಬ ಸೆನೆಟರ್ ಚುನಾವಣಾ ಸಭೆಯಲ್ಲಿ ಬೇಕಂತಲೇ ಆ ಹೆಸರನ್ನ ಆಡಿಕೊಂಡು ನಕ್ಕರು. ಆಯಮ್ಮ ಹೆಸರು ಬದಲಾಯಿಸಿಕೊಳ್ಳಲಿಲ್ಲ. ಉಪಾಧ್ಯಕ್ಷೆ ಆದರು. 2024ರ ಆಗಸ್ಟ್‌ನಲ್ಲಿ ಅವರ ಪಕ್ಷದ ಸಮಾವೇಶದಲ್ಲಿ ಮನೆಯ ಇಬ್ಬರು ಪುಟ್ಟ ಹುಡುಗಿಯರು ವೇದಿಕೆ ಮೇಲೆ ನಿಂತು, ಇಡೀ ಸಭಾಂಗಣಕ್ಕೆ ಆ ಹೆಸರು ಹೇಗೆ ಹೇಳಬೇಕು ಅಂತ ಬಾಯಿಪಾಠ ಮಾಡಿಸಿದರು. ಚುನಾವಣೆ ಸೋತರು, ಅದು ಬೇರೆ ಮಾತು. ಮಣಿಪಾಲದಲ್ಲಿ ಓದಿದ ಸತ್ಯ ನಾದೆಳ್ಲ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದರು. ಸತ್ಯ ಸತ್ಯನಾಗಿಯೇ ಇದ್ದಾರೆ, ಸ್ಟೀವ್ ಆಗಲಿಲ್ಲ. ನಮ್ಮ ಊರಿನ ಕಥೆಯೇ ತಗೊಳ್ಳಿ. ಯು.ಆರ್. ಅನಂತಮೂರ್ತಿ ಹಚ್ಚಿದ ಒತ್ತಾಯ, 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಬೆಂಗಳೂರೇ ಆಯ್ತು. ಆಗ ಎಷ್ಟು ಗೇಲಿ ಮಾಡಿದರು, ಬ್ರ್ಯಾಂಡ್ ಹೋಯ್ತು ಅಂದರು. ಯಾವ ಕಂಪನಿ ಹೋಯ್ತು ಹೇಳಿ?

ಹಾಗಾಗಿ ವಿದೇಶಿ ನಾಲಿಗೆ ದೊಡ್ಡ ಸಮಸ್ಯೆ ಅಂತ ನನಗೆ ಅನ್ನಿಸಲ್ಲ. ನಾಲಿಗೆಗೆ ಹೇಳಿಕೊಡಬಹುದು. ಹೇಳಿಕೊಡೋಕೆ ಆಗದ್ದು ಕಾಗದಕ್ಕೆ. ಕಂಪ್ಯೂಟರಿಗೆ. ಹೆಸರಿನ ನಿಜವಾದ ಕಷ್ಟ ಇರೋದು ಅಲ್ಲಿ, ಮತ್ತು ಅದರ ಬಗ್ಗೆ ಹೆಸರಿಡೋ ದಿನ ಯಾರೂ ಯೋಚನೆ ಮಾಡಲ್ಲ.

ನಮ್ಮ ಲಿಪಿಯಲ್ಲಿ ನ ಬೇರೆ ಣ ಬೇರೆ. ಲ ಬೇರೆ ಳ ಬೇರೆ. ಶ, ಷ ಬೇರೆ. ಅ ಬೇರೆ ಆ ಬೇರೆ. ಇಂಗ್ಲಿಷ್ ಅಕ್ಷರಕ್ಕೆ ಹಾಕಿದ ತಕ್ಷಣ ಎಲ್ಲ ಒಂದೇ ಚೀಲ. ರಾಮ ಗಂಡು, ರಮಾ ಹೆಣ್ಣು. ಇಂಗ್ಲಿಷಿನಲ್ಲಿ ಬರೆದು ನೋಡಿ, ಎರಡಕ್ಕೂ ಅದೇ ನಾಲ್ಕು ಅಕ್ಷರ. ಆಮೇಲೆ ಆ ಇಂಗ್ಲಿಷನ್ನ ಯಾರೋ ಕಂಪ್ಯೂಟರ್ ಮುಂದೆ ಕೂತು ಮತ್ತೆ ಕನ್ನಡಕ್ಕೆ ತರ್ತಾರೆ. ವಾಣಿ ವಾನಿ ಆಗಿ ಬರ್ತಾಳೆ. ಇಳಾ ಇಲಾ ಆಗಿ ಬರ್ತಾಳೆ. ಮಾಲಾ ಅನ್ನೋ ಹೆಣ್ಣುಮಗಳ ಹೆಸರು ಹೀಗೆ ಹೋಗಿ ವಾಪಸ್ ಬಂದರೆ ಏನಾಗಬಹುದು ಅಂತ ನಾನು ಟಿವಿಯಲ್ಲಿ ಹೇಳಲ್ಲ, ನೀವೇ ಊಹಿಸಿಕೊಳ್ಳಿ.

ಫ್ರಾನ್ಸ್ ವಿಷಯ ಬಂತಲ್ಲ, ಅಲ್ಲಿಂದಲೇ ಒಂದು ಉದಾಹರಣೆ. ಹೆಸರಿನ ವಿಷಯದಲ್ಲಿ ಆ ದೇಶ ಬಲು ಕಟ್ಟುನಿಟ್ಟು. 1803ರ ಒಂದು ಕಾನೂನು ಪ್ರಕಾರ ಕ್ಯಾಲೆಂಡರಿನಲ್ಲಿರೋ ಹೆಸರು, ಇಲ್ಲ ಪ್ರಾಚೀನ ಇತಿಹಾಸದ ಹೆಸರು, ಇಷ್ಟೇ ಇಡಬೇಕಿತ್ತು. 1993ರಲ್ಲಿ ಸಡಿಲ ಮಾಡಿದರು. ಆದರೂ ಮಗುವಿಗೆ ಕೆಟ್ಟದಾಗುತ್ತೆ ಅನ್ನಿಸಿದರೆ ಅಧಿಕಾರಿ ಕೋರ್ಟಿಗೆ ಬರೀಬಹುದು. ಒಬ್ಬರು ಮಗಳಿಗೆ ನುಟೆಲ್ಲಾ ಅಂತ ಇಟ್ಟರು, ಬ್ರೆಡ್ಡಿಗೆ ಹಚ್ಚೋ ಚಾಕೊಲೇಟ್ ಹೆಸರು. ಕೋರ್ಟು ಒಪ್ಪದೆ ಎಲ್ಲಾ ಅಂತ ಮಾಡಿತು. ಇನ್ನೊಂದು ಕೇಸು ಇದಕ್ಕಿಂತ ಮುಖ್ಯವಾದದ್ದು. 2017ರಲ್ಲಿ ಬ್ರಿಟನಿಯ ಒಂದು ದಂಪತಿ ಮಗನಿಗೆ ಫಾಂಶ್ ಅನ್ನೋ ಅವರ ಪ್ರಾಂತ್ಯದ ಹೆಸರಿಟ್ಟರು. ಅದರ ಬ್ರೆಟನ್ ಭಾಷೆಯ ಬರವಣಿಗೆಯಲ್ಲಿ ಎನ್ ಅಕ್ಷರದ ತಲೆ ಮೇಲೆ ಒಂದು ಸಣ್ಣ ಅಲೆಯ ಗೆರೆ ಇದೆ. ಆ ಗೆರೆ ಫ್ರೆಂಚ್ ಲಿಪಿಯಲ್ಲಿಲ್ಲ, ಆಗಲ್ಲ ಅಂತು ಕೆಳಗಿನ ಕೋರ್ಟು. ಅಪ್ಪ ಅಮ್ಮ ಬಿಡಲಿಲ್ಲ. ಮೇಲ್ಮನವಿ ಹೋದರು. 2018ರ ನವೆಂಬರ್‌ನಲ್ಲಿ ರೆನ್ ನಗರದ ಮೇಲ್ಮನವಿ ಕೋರ್ಟು ಆ ಗೆರೆಗೆ ಒಪ್ಪಿಗೆ ಕೊಟ್ಟಿತು. ಒಂದು ಗೆರೆಗೆ ಒಂದು ವರ್ಷದ ಮೇಲೆ ಹೋರಾಟ! ನಮ್ಮಲ್ಲಿ ಳ ಹೋಗಿ ಲ ಆದರೆ, ಇರಲಿ ಬಿಡಿ ಸರ್, ಏನಾಗುತ್ತೆ ಅಂತೀವಿ.

ಏನಾಗುತ್ತೆ ಅಂತ ಪೀಣ್ಯಕ್ಕೆ ಹೋಗಿ ಕೇಳಿ. ಪೀಣ್ಯ ಅಂದಾಗ ನೆನಪಾಯ್ತು, ಆ ಊರಿನ ಹೆಸರಲ್ಲೇ ಒಂದು ಣ ಇದೆ, ಎಷ್ಟೋ ಬೋರ್ಡುಗಳಲ್ಲಿ ಅದೂ ನ ಆಗಿದೆ. ಅಲ್ಲಿ ಲೇತ್ ಮೆಷಿನ್ ಮುಂದೆ, ಪ್ರೆಸ್ ಶಾಪಿನಲ್ಲಿ, ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡೋ ನಮ್ಮ ಜನಕ್ಕೆ ಫ್ರೆಂಚರ ಚಿಂತೆ ಇಲ್ಲ. ಅವರ ಹೆಸರು ಸಿದ್ದಲಿಂಗಪ್ಪ, ಹುಲಿಗೆಮ್ಮ, ಯಲ್ಲಮ್ಮ, ನಂಜುಂಡಯ್ಯ. ಈಗ ಸಿದ್ದಲಿಂಗಪ್ಪ ಅನ್ನೋದನ್ನ ಇಂಗ್ಲಿಷಿನಲ್ಲಿ ಬರೀರಿ. ಒಂದು ಡಿ ಹಾಕ್ತೀರಾ, ಎರಡಾ? ಡಿ ಜೊತೆ ಎಚ್ ಹಾಕ್ತೀರಾ? ಎರಡು ಪಿಗಳ ಗತಿ ಏನು? ಶಾಲೆಯ ಟಿಸಿಯಲ್ಲಿ ಮೇಷ್ಟ್ರು ಒಂದು ಥರ ಬರೆದರು. ಆಧಾರ್ ಸೆಂಟರಿನ ಹುಡುಗ ಇನ್ನೊಂದು ಥರ ಒತ್ತಿದ. ಕಾಂಟ್ರಾಕ್ಟರ್ ಆಫೀಸಿನಲ್ಲಿ ಪಿಎಫ್ ಫಾರಂ ತುಂಬಿದವರು ಸಿದ್ದಲಿಂಗ ಅಂತ ಅರ್ಧಕ್ಕೆ ನಿಲ್ಲಿಸಿದರು. ಹದಿನೈದು ವರ್ಷ ದುಡಿದ. ಮಗಳ ಮದುವೆಗೆ ಪಿಎಫ್ ದುಡ್ಡು ತೆಗೆಯೋಣ ಅಂತ ಅರ್ಜಿ ಹಾಕಿದ. ಹೆಸರು ಹೊಂದಿಕೆಯಾಗುತ್ತಿಲ್ಲ, ಅರ್ಜಿ ತಿರಸ್ಕೃತ.

ಇದು ಒಬ್ಬ ಸಿದ್ದಲಿಂಗಪ್ಪನ ಕಥೆ ಅಲ್ಲ, ನಾನು ಉದಾಹರಣೆಗೆ ಒಂದು ಹೆಸರು ತಗೊಂಡೆ. ಪಿಎಫ್ ಆಫೀಸಿನ ಮುಂದೆ ನಿಂತು ಹತ್ತು ಜನರನ್ನ ಮಾತಾಡಿಸಿ, ಇದೇ ಕಥೆ ಕೇಳ್ತೀರಿ. 2025ರ ಆರಂಭದವರೆಗೂ ತಿದ್ದಬೇಕು ಅಂದರೆ ಕಾರ್ಮಿಕ ಮತ್ತು ಮಾಲೀಕ ಇಬ್ಬರೂ ಸೇರಿ ಜಂಟಿ ಘೋಷಣೆ ಕೊಡಬೇಕಿತ್ತು. ಹಳೇ ಫ್ಯಾಕ್ಟರಿ ಮುಚ್ಚಿಹೋಗಿದ್ದರೆ? ಮಾಲೀಕ ಎಲ್ಲಿದ್ದಾನೋ? ರಜೆ ಹಾಕಬೇಕು, ಹಾಕಿದರೆ ಆ ದಿನದ ಸಂಬಳ ಇಲ್ಲ. ವೈಟ್‌ಫೀಲ್ಡ್‌ನ ಇಂಜಿನಿಯರಿಗೆ ಹೆಸರು ತಪ್ಪಾದರೆ ಮುಜುಗರ ಆಗುತ್ತೆ. ಪೀಣ್ಯದ ಕಾರ್ಮಿಕನಿಗೆ ಹೆಸರು ತಪ್ಪಾದರೆ ದುಡ್ಡು ನಿಲ್ಲುತ್ತೆ. ಸ್ಪೆಲಿಂಗ್ ಅನ್ನೋದು ಓದಿದವರ ಚಪಲ ಅಂದುಕೊಂಡಿದ್ದರೆ ಅದನ್ನ ಬಿಟ್ಟುಬಿಡಿ.

ಎಲೆಕ್ಟ್ರಾನಿಕ್ ಸಿಟಿ ಕಡೆ ಬನ್ನಿ. ಅಲ್ಲಿ ಇನ್ನೊಂದು ತಾಪತ್ರಯ, ಸರ್‌ನೇಮ್. ನಮ್ಮ ಕಡೆ ಸರ್‌ನೇಮ್ ಅನ್ನೋ ಪದ್ಧತಿ ಎಲ್ಲರಿಗೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿದೆ, ಕರಾವಳಿಯಲ್ಲಿ ಇದೆ. ಹಳೇ ಮೈಸೂರಿನಲ್ಲಿ ಇನಿಷಿಯಲ್. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಎಷ್ಟು ಚೆಂದದ ಪದ್ಧತಿ ನೋಡಿ. ಜಾತಿ ಕೇಳದೆ ಊರು ಹೇಳುತ್ತೆ. ಆದರೆ ಪಾಸ್‌ಪೋರ್ಟಿಗೆ ಇನಿಷಿಯಲ್ ಆಗಲ್ಲ, ಬಿಡಿಸಿ ಬರೀಬೇಕು. ಕಂಪನಿಯ ಸಾಫ್ಟ್‌ವೇರಿಗೆ ಲಾಸ್ಟ್ ನೇಮ್ ಬೇಕೇ ಬೇಕು. ಅಲ್ಲಿ ಊರಿನ ಹೆಸರು ಹಾಕಿದರೆ ಅಮೆರಿಕದ ಮ್ಯಾನೇಜರ್ ಮಿಸ್ಟರ್ ತಿಪಟೂರು ಅಂತ ಕರೀತಾನೆ. ಅಪ್ಪನ ಹೆಸರು ಹಾಕಿದರೆ ಅಪ್ಪನನ್ನೇ ಕರೆದ ಹಾಗಾಯ್ತು. ಮಗ ಮೀಟಿಂಗಿನಲ್ಲಿ ಕೂತಿರ್ತಾನೆ, ಬೈಸಿಕೊಳ್ಳೋದು ಊರಲ್ಲಿರೋ ಅಪ್ಪ.

ಒಂದೇ ಪದದ ಹೆಸರು ಇಟ್ಟುಕೊಂಡವರಿಗೆ ಇನ್ನೂ ಕಷ್ಟ. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗುತ್ತೆ. ಅಂದರೆ, ಮೊದಲ ಹೆಸರು ಗೊತ್ತಿಲ್ಲ. ಅಪ್ಪ ಅಮ್ಮ ಪೂಜೆ ಮಾಡಿಸಿ ಇಟ್ಟ ಹೆಸರು ಸರ್‌ನೇಮ್ ಆಗಿ, ಡ್ರೈವಿಂಗ್ ಲೈಸೆನ್ಸಿನಲ್ಲಿ ಆ ಮನುಷ್ಯ ಮಿಸ್ಟರ್ ಗೊತ್ತಿಲ್ಲ. 2022ರ ನವೆಂಬರ್‌ನಲ್ಲಿ ದುಬೈ, ಅಬುಧಾಬಿಯವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾ ಇಲ್ಲ ಅಂದುಬಿಟ್ಟರು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಪರವಾಗಿಲ್ಲ ಅಂತ ಸಡಿಲಿಸಿದರು. ಅಷ್ಟರಲ್ಲಿ ಟಿಕೆಟ್ ಮಾಡಿಸಿದವರ ಪರದಾಟ ನಾವೇ ತೋರಿಸಿದ್ದೀವಿ.

ಈಗ ಆ ವೈಟ್‌ಫೀಲ್ಡ್ ತಾಯಿಗೆ, ಅವರ ಥರದ ಎಲ್ಲರಿಗೂ ಮುಖ್ಯವಾದ ಮಾತು. ಮೊದಲೆಲ್ಲ ಹೆಸರು ತಿದ್ದಿಕೊಳ್ಳೋಕೆ ಒಂದು ಅವಕಾಶ ಇತ್ತು, ಶಾಲೆಗೆ ಸೇರಿಸೋ ದಿನ. ಎಷ್ಟೋ ಜನರ ಹುಟ್ಟಿದ ದಿನವನ್ನೇ ಮೇಷ್ಟ್ರು ನಿರ್ಧಾರ ಮಾಡಿದ್ದಾರೆ, ಜೂನ್ 1 ಅಂತ. ಆ ಕಾಲ ಮುಗೀತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು, ಅಕ್ಟೋಬರ್ 1ರಿಂದ ಜಾರಿ. ಆ ದಿನ ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಎಲ್ಲದಕ್ಕೂ ಬುನಾದಿ. ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ. 2025ರ ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ನಿಯಮಕ್ಕೂ ಇದನ್ನ ಸೇರಿಸಿದರು. ಈ ಮಕ್ಕಳಿಗೆ ಹುಟ್ಟಿದ ದಿನಾಂಕಕ್ಕೆ ಬೇರೆ ಯಾವ ಪುರಾವೆಯೂ ನಡೆಯಲ್ಲ. ಅಂದರೆ ಆ ಒಂದು ಹಾಳೆಯ ಮೇಲೆ ಇವತ್ತು ಏನು ಅಚ್ಚಾಗುತ್ತೋ, ಅದು ಮಗು ಮುದುಕಿಯಾಗೋವರೆಗೂ ಹಿಂದೆ ಬರುತ್ತೆ.

ಹಾಗಂತ ಗಡಿಬಿಡಿ ಬೇಡ. ಜನನವನ್ನ 21 ದಿನದೊಳಗೆ ನೋಂದಣಿ ಮಾಡಿಸಬೇಕು, ಆದರೆ ಹೆಸರಿಲ್ಲದೆಯೂ ಮಾಡಿಸಬಹುದು. ಹೆಸರು ಸೇರಿಸೋಕೆ 12 ತಿಂಗಳವರೆಗೆ ಶುಲ್ಕ ಇಲ್ಲ. ಆಮೇಲೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು, 15 ವರ್ಷದವರೆಗೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲದೆ, ಡಿಸ್ಚಾರ್ಜ್ ದಿನ ಆಸ್ಪತ್ರೆ ಕೌಂಟರಿನಲ್ಲಿ ನಿಂತು ತೋಚಿದ ಹೆಸರು ಬರೆಸಿಬಿಡ್ತಾರೆ. ಹೆಸರು ಖಾಲಿ ಬಿಟ್ಟರೆ ತುಂಬಬಹುದು. ತುಂಬಿದ ಹೆಸರು ಬದಲಾಯಿಸೋದು ಕಷ್ಟ.

ಆ ತಾಯಿಗೆ ಹೇಳೋದಿಷ್ಟು. ಅಮ್ಮಾ, ನಿಮ್ಮ ಹತ್ತಿರ ಇನ್ನೂ ಹತ್ತು ತಿಂಗಳು ಟೈಮಿದೆ. ಮುನ್ನೂರು ಹೆಸರಿನ ಶೀಟನ್ನ ಪ್ಯಾರಿಸ್ಸಿನ ಸಹೋದ್ಯೋಗಿಗೆ ಕಳಿಸೋ ಮುಂಚೆ ತುರುವೇಕೆರೆಗೆ ಫೋನ್ ಮಾಡಿ ಓದಿ. ಅತ್ತೆಯವರು ಯಾವ ಹೆಸರನ್ನ ಎರಡನೇ ಸಲ ಕೇಳದೆ ವಾಪಸ್ ಹೇಳ್ತಾರೋ, ಅದಕ್ಕೆ ಟಿಕ್ ಹಾಕಿ. ನಿಮ್ಮ ಮಗಳ ಹೆಸರನ್ನ ಮೊದಲ ಐದು ವರ್ಷದಲ್ಲಿ ಅತಿ ಹೆಚ್ಚು ಸಲ ಕರೆಯೋ ಬಾಯಿ ಟುಲೂಸಿನದಲ್ಲ, ಅವರದು. ತಾರಾ ಆಗಬಹುದು, ಮೀರಾ ಆಗಬಹುದು, ಹೇಮಾ ಆಗಬಹುದು. ಇಳಾ ಇಷ್ಟವಾದರೆ ಇಳಾ ಅಂತಲೇ ಇಡಿ, ಫ್ರಾನ್ಸಿನ ಟೀಚರಮ್ಮನಿಗೆ ನಾಲಿಗೆ ಮಡಿಸೋದು ಮಗಳೇ ಕಲಿಸಲಿ. ನಮ್ಮ ಮಕ್ಕಳು ಮೂರು ವಾರದಲ್ಲಿ ಆಪ್ ಕಲೀತಾರೆ, ಅವರು ಒಂದು ಳ ಕಲಿಯಲ್ವಾ?

ಎಲ್ಲರಿಗೂ ಒಂದು ಕೆಲಸ. ನಮ್ಮ ರಾಜ್ಯದ ಜನನ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲೂ ಇರುತ್ತೆ, ಇಂಗ್ಲಿಷಿನಲ್ಲೂ ಇರುತ್ತೆ. ಜನ ಇಂಗ್ಲಿಷ್ ಸಾಲು ಮಾತ್ರ ನೋಡಿ ಸಹಿ ಹಾಕಿ ಬರ್ತಾರೆ. ಅರ್ಜಿ ಕೊಡುವಾಗ ಕನ್ನಡದ ಹೆಸರನ್ನ ನೀವೇ ದಪ್ಪ ಅಕ್ಷರದಲ್ಲಿ ಬರೆದುಕೊಡಿ, ಬಾಯಲ್ಲಿ ಹೇಳಿ ಬರೆಸಬೇಡಿ. ಇನಿಷಿಯಲ್ ಬಿಡಿಸಿ, ಯಾವುದು ಕೊನೆಯಲ್ಲಿ ಬರಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ಅಪ್ಪನ ಹೆಸರು, ಅಮ್ಮನ ಹೆಸರು ಅವರವರ ಆಧಾರ್‌ನಲ್ಲಿ ಇರೋ ಹಾಗೇ ಇದೆಯಾ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡಿ. ತಪ್ಪಿದ್ದರೆ ಆ ಕೌಂಟರ್ ಬಿಟ್ಟು ಕದಲಬೇಡಿ. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗ್ತಾರೆ, ಗೊಣಗಲಿ. ಮಗುವನ್ನ ಎತ್ತಿಕೊಂಡು ಹೋಗಿದ್ದರೆ ಅಷ್ಟೊಂದು ಗೊಣಗೋದೂ ಇಲ್ಲ.